ಅಪ್ಪ ಒಂದು ರಾಜ್ಯ, ಅಮ್ಮ ಇನ್ನೊಂದು ರಾಜ್ಯ: ಮಗುವಿನ ಭೇಟಿಯ ಆದೇಶ ಬದಲಿಸಿಕೊಳ್ಳುವುದು ಹೇಗೆ

‘ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ತಂದೆ ಮಗುವನ್ನು ಕರೆದೊಯ್ಯಬಹುದು.’ ಫ್ಯಾಮಿಲಿ ಕೋರ್ಟ್ ಆದೇಶಗಳಲ್ಲಿ, ಪರಸ್ಪರ ಒಪ್ಪಿಗೆಯ ಡೈವೋರ್ಸ್ ಒಪ್ಪಂದಗಳಲ್ಲಿ ಇಂಥ ಸಾಲು ತುಂಬಾ ಸಾಮಾನ್ಯ. ಇಬ್ಬರೂ ಒಂದೇ ಊರಿನಲ್ಲಿದ್ದಾಗ ಬರೆದದ್ದು ಅದು. ಆಮೇಲೆ ಒಬ್ಬರಿಗೆ ಪುಣೆಗೆ ವರ್ಗವಾಗುತ್ತದೆ, ಇಲ್ಲವೇ ಮಗು ಯಾರ ಬಳಿ ಇದೆಯೋ ಅವರೇ ಚೆನ್ನೈಗೆ ಕೆಲಸಕ್ಕೆ ಹೋಗುತ್ತಾರೆ. ಏಳು ಗಂಟೆಯ ಭೇಟಿಗಾಗಿ ಎರಡು ರಾತ್ರಿ ರೈಲಿನಲ್ಲಿ ಕಳೆಯುವುದು ಒಂದೆರಡು ತಿಂಗಳು ನಡೆದೀತು. ನಂತರ ಭೇಟಿಗಳು ತಪ್ಪುತ್ತವೆ, ‘ನೀವೇ ಬರಲಿಲ್ಲ’, ‘ನೀವೇ ಕಳಿಸಲಿಲ್ಲ’ ಎಂಬ ಮಾತು ಬೆಳೆಯುತ್ತದೆ, ಮಗು ಫೋನಿನಲ್ಲೂ ಮಾತು ಕಡಿಮೆ ಮಾಡುತ್ತದೆ.

ಆದೇಶವನ್ನು ಬದಲಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಮಕ್ಕಳ ಕಸ್ಟಡಿ ಕುರಿತ ಆದೇಶಗಳು ಸ್ವಭಾವದಿಂದಲೇ ತಾತ್ಕಾಲಿಕ, ಪರಿಸ್ಥಿತಿ ಬದಲಾದರೆ ಅವೂ ಬದಲಾಗಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿತ್ತು. 2010ರ ಇನ್ನೊಂದು ತೀರ್ಪಿನಲ್ಲಿ, ಒಪ್ಪಿಗೆಯ ಡೈವೋರ್ಸ್‌ನಲ್ಲಿ ಬರೆದುಕೊಂಡ ಷರತ್ತಿಗೂ ಈ ಮಾತು ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ಆ ಪ್ರಕರಣದಲ್ಲಿ ತಾಯಿ ಕೆಲಸದ ಮೇಲೆ ಮಗನೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಕೋರ್ಟ್ ಅದಕ್ಕೆ ಒಪ್ಪಿತು, ಜೊತೆಗೆ ತಂದೆಯ ಭೇಟಿಯನ್ನು ಹೊಸ ಪರಿಸ್ಥಿತಿಗೆ ಹೊಂದಿಸಿತು. ಹಾಗಾಗಿ ‘ಸಹಿ ಹಾಕಿಯಾಗಿದೆ, ಇನ್ನೇನೂ ಮಾಡಲಾಗದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬದಲಿಸುವ ಅಧಿಕಾರ ಮಾತ್ರ ಕೋರ್ಟಿನದು. ತಂದೆಯಾಗಲಿ ತಾಯಿಯಾಗಲಿ ತಾವೇ ಬದಲಿಸಿಕೊಂಡದ್ದು ಮುಂದೊಂದು ದಿನ ಅವರಿಗೇ ಮುಳುವಾಗುತ್ತದೆ.

1. ಮೊದಲು ಆದೇಶದ ಪ್ರತಿ ಕೈಯಲ್ಲಿರಲಿ

ಎಷ್ಟೋ ಜನರ ಬಳಿ ಆದೇಶದ ಫೋಟೋ ಮಾತ್ರ ಇರುತ್ತದೆ, ಅದೂ ಕೊನೆಯ ಪುಟದ್ದು. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಒಪ್ಪಂದದ ಮೇಲೆ ಡಿಕ್ರಿ (ಕೋರ್ಟಿನ ಅಂತಿಮ ತೀರ್ಪಿನ ಆದೇಶ) ಆಗಿದ್ದರೆ ಒಪ್ಪಂದದ ಪತ್ರವೂ ಬೇಕು. ಕೇಸ್ ನಂಬರ್ ಮರೆತಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಕ್ಷಿದಾರರ ಹೆಸರಿನಿಂದ ಹುಡುಕಬಹುದು. ಅಲ್ಲಿ ಸಿಗುವ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಅದೇ ಬೇಕಾಗುತ್ತದೆ.

ಓದುವಾಗ ಮೂರು ವಿಷಯ ಗುರುತು ಮಾಡಿ. ಆದೇಶ ಯಾವ ಕಾಯ್ದೆಯ ಕೆಳಗೆ ಆಗಿದೆ? ಅದು ಮಧ್ಯಂತರ ಆದೇಶವೋ (ಕೇಸ್ ಮುಗಿಯುವವರೆಗಿನದು) ಅಂತಿಮವೋ? ಮಗುವನ್ನು ಊರು ಬಿಟ್ಟು ಕರೆದೊಯ್ಯಲು ಕೋರ್ಟಿನ ಅನುಮತಿ ಬೇಕು ಎಂಬ ಷರತ್ತು ಇದೆಯೋ? ಈ ಕೊನೆಯ ಷರತ್ತನ್ನು ನೋಡದೆ ಮನೆ ಬದಲಿಸಿದವರು ಆಮೇಲೆ ಬಹಳ ಕಷ್ಟಪಡುತ್ತಾರೆ. ಕೋರ್ಟ್ ನೇಮಿಸಿದ ಪೋಷಕರಾದರೆ (ಗಾರ್ಡಿಯನ್) ಷರತ್ತು ಬರೆದಿರದಿದ್ದರೂ ಎಚ್ಚರ ಬೇಕು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಅಂಥವರು ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಒಯ್ಯಲು ಸಾಮಾನ್ಯವಾಗಿ ಕೋರ್ಟಿನ ಅನುಮತಿ ಪಡೆಯಬೇಕು. ವರ್ಗಾವಣೆ ಪತ್ರ ಬಂದ ವಾರವೇ ಅರ್ಜಿ ಹಾಕಿ. ಸಾಮಾನು ಲಾರಿಗೆ ಏರಿದ ಮೇಲೆ ಹಾಕಿದ ಅರ್ಜಿಯನ್ನು ಯಾವ ನ್ಯಾಯಾಧೀಶರೂ ಅದೇ ಕಣ್ಣಿನಿಂದ ನೋಡುವುದಿಲ್ಲ.

2. ಹೊಸ ಆದೇಶ ಬರುವವರೆಗೆ ಹಳೆಯದನ್ನೇ ಪಾಲಿಸಿ

ಹೇಳುವುದು ಸುಲಭ, ಪಾಲಿಸುವುದು ಕಷ್ಟ, ಗೊತ್ತು. ಆದರೂ ಅರ್ಜಿ ಬಾಕಿಯಿರುವಾಗ ನೀವು ಹೇಗೆ ನಡೆದುಕೊಂಡಿರಿ ಎಂಬುದೇ ನಿಮ್ಮ ಪರವಾದ ದೊಡ್ಡ ಸಾಕ್ಷಿ. ಎರಡು ವಾರಕ್ಕೊಮ್ಮೆ ಹೋಗಲಾಗದಿದ್ದರೆ ತಿಂಗಳಿಗೊಮ್ಮೆಯಾದರೂ ಹೋಗಿ, ಬರಲಾಗದ ದಿನ ಮುಂಚೆಯೇ ಮೆಸೇಜ್ ಮಾಡಿ. ಮಗುವನ್ನು ಕಳಿಸಬೇಕಾದವರು ಜ್ವರ, ಪರೀಕ್ಷೆ ಎಂಬ ಕಾರಣ ಇದ್ದರೆ ಅದರ ಜೊತೆಗೇ ಬದಲಿ ದಿನವನ್ನೂ ಹೇಳಿ.

ಜೀವನಾಂಶಕ್ಕೂ ಭೇಟಿಗೂ ಗಂಟು ಹಾಕಬೇಡಿ. ಹಣ ಬರಲಿಲ್ಲ ಎಂದು ಮಗುವನ್ನು ತೋರಿಸದಿರುವುದು, ಮಗುವನ್ನು ತೋರಿಸಲಿಲ್ಲ ಎಂದು ಹಣ ನಿಲ್ಲಿಸುವುದು ಎರಡೂ ತಪ್ಪು. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಪರಿಹಾರ ಇದೆ. ರಜೆಗೆಂದು ಬಂದ ಮಗುವನ್ನು ವಾಪಸ್ ಕಳಿಸದೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿ) ಬೀಳಬಹುದು, ಮುಂದೆ ಯಾವ ಕೋರ್ಟೂ ನಿಮ್ಮ ಬಳಿ ಮಗುವನ್ನು ರಾತ್ರಿ ಉಳಿಸಲು ಹಿಂದೆಮುಂದೆ ನೋಡುತ್ತದೆ.

ಇದಕ್ಕೆ ಒಂದು ಅಪವಾದ: ಮಗುವಿನ ಮೇಲೆ ಹಿಂಸೆ ಅಥವಾ ದೌರ್ಜನ್ಯ ನಡೆಯುತ್ತಿರುವ ಅನುಮಾನ. ಆಗ ಸುಮ್ಮನೆ ಕಳಿಸುತ್ತಲೂ ಇರಬೇಡಿ, ಯಾರಿಗೂ ಹೇಳದೆ ನಿಲ್ಲಿಸಲೂ ಬೇಡಿ. ಕೂಡಲೇ ದೂರು ಕೊಟ್ಟು, ಅದೇ ದಿನಗಳಲ್ಲಿ ಕೋರ್ಟಿಗೆ ತುರ್ತು ಅರ್ಜಿ ಹಾಕಿ, ಭೇಟಿಯನ್ನು ತಡೆಹಿಡಿಯಲು ಅಥವಾ ಬೇರೊಬ್ಬರ ಸಮ್ಮುಖದಲ್ಲಿ ಮಾತ್ರ ನಡೆಸಲು ಕೇಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಭೇಟಿಯಿಂದ ಮಗುವಿಗೆ ಅಪಾಯವಿದ್ದರೆ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಬಹುದು.

3. ಯಾವ ಊರಿನ ಕೋರ್ಟಿಗೆ ಹೋಗಬೇಕು?

ಎರಡು ರಾಜ್ಯ ಎಂದಾಗ ಹೆಚ್ಚು ಗೊಂದಲವಾಗುವುದು ಇಲ್ಲೇ.

ಕೇಸ್ ಇನ್ನೂ ನಡೆಯುತ್ತಿದ್ದರೆ ಉತ್ತರ ಸರಳ. ಅದೇ ಕೋರ್ಟಿನಲ್ಲಿ ಮಧ್ಯಂತರ ಅರ್ಜಿ, ವಕೀಲರ ಮಾತಿನಲ್ಲಿ ‘ಐ.ಎ.’, ಹಾಕಬೇಕು.

ಹಿಂದೂ ವಿವಾಹ ಕಾಯ್ದೆಯ ಕೆಳಗೆ ಡೈವೋರ್ಸ್ ಆಗಿ, ಡಿಕ್ರಿಯಲ್ಲೇ ಭೇಟಿಯ ಷರತ್ತು ಸೇರಿದ್ದರೆ ಡಿಕ್ರಿ ಕೊಟ್ಟ ಕೋರ್ಟಿಗೇ ಹಿಂತಿರುಗಬಹುದು. 1955ರ ಆ ಕಾಯ್ದೆಯ 26ನೇ ಸೆಕ್ಷನ್, ಮಕ್ಕಳ ಕುರಿತ ಷರತ್ತುಗಳನ್ನು ಡಿಕ್ರಿಯಾದ ಮೇಲೂ ಕಾಲಕಾಲಕ್ಕೆ ರದ್ದು ಮಾಡುವ, ತಡೆಹಿಡಿಯುವ, ಮಾರ್ಪಡಿಸುವ ಅಧಿಕಾರವನ್ನು ಆ ಕೋರ್ಟಿಗೆ ಕೊಡುತ್ತದೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 38ನೇ ಸೆಕ್ಷನ್ ಇದೇ ಬಗೆಯದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕೆಳಗೆ ಮ್ಯಾಜಿಸ್ಟ್ರೇಟರು ಕೊಟ್ಟ ಆದೇಶವಾದರೆ, ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ 25ನೇ ಸೆಕ್ಷನ್ ಅಡಿ ಅವರ ಬಳಿಯೇ ಮಾರ್ಪಾಡು ಕೇಳಬಹುದು.

ಇದುವರೆಗೆ ಯಾವ ಆದೇಶವೂ ಇಲ್ಲ, ಬೇರೆಬೇರೆ ಇದ್ದೀರಿ ಅಷ್ಟೇ ಎಂದಾದರೆ 1890ರ ಕಾಯ್ದೆಯೇ ದಾರಿ. ಯಾವ ಧರ್ಮದವರಿಗೂ ಅದು ತೆರೆದಿದೆ. ಅದರ 9ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಬೇಕಾದ್ದು ಮಗು ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದ ಕೋರ್ಟಿನಲ್ಲಿ. ನೀವು ವಾಸಿಸುವ ಊರಿಗೆ ಇಲ್ಲಿ ಲೆಕ್ಕವಿಲ್ಲ. ಮಗು ಮೈಸೂರಿನಲ್ಲಿ ಮೂರನೇ ತರಗತಿ ಓದುತ್ತಿದ್ದರೆ, ತಂದೆ ಹೈದರಾಬಾದಿನಲ್ಲಿದ್ದರೂ ಅರ್ಜಿ ಮೈಸೂರಿನಲ್ಲೇ. ರಜೆಗೆ ಅಜ್ಜಿ ಮನೆಗೆ ಹೋದ ಮಾತ್ರಕ್ಕೆ, ಅಥವಾ ಒಬ್ಬರು ಹೇಳದೆ ಕೇಳದೆ ಎತ್ತಿಕೊಂಡು ಹೋದ ಮಾತ್ರಕ್ಕೆ ಆ ಊರು ‘ಸಾಮಾನ್ಯ ವಾಸ’ ಆಗಿಬಿಡುವುದಿಲ್ಲ. ಶಾಲೆ, ಲಸಿಕೆ ಕಾರ್ಡು, ಎಷ್ಟು ಕಾಲ ಎಲ್ಲಿತ್ತು, ಯಾವ ಉದ್ದೇಶದಿಂದ ಹೋಯಿತು ಇದನ್ನೆಲ್ಲ ಕೋರ್ಟ್ ನೋಡುತ್ತದೆ.

ಮಗು ಬೇರೆ ರಾಜ್ಯದಲ್ಲಿ ವರ್ಷಗಳಿಂದ ನೆಲೆಯೂರಿದ್ದು, ಹಳೆಯ ಕೇಸ್ ಮಾತ್ರ ಇಲ್ಲಿ ಉಳಿದಿದ್ದರೆ? ಒಂದು ರಾಜ್ಯದ ಕೋರ್ಟಿನಿಂದ ಇನ್ನೊಂದು ರಾಜ್ಯದ ಕೋರ್ಟಿಗೆ ಕೇಸ್ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಸೆಕ್ಷನ್ ಅಡಿ ಸುಪ್ರೀಂ ಕೋರ್ಟಿಗಿದೆ. ಮಂಗಳೂರಿನಿಂದ ಬೆಳಗಾವಿಗಾದರೆ ನಮ್ಮ ಹೈಕೋರ್ಟ್ ಸಾಕು, ಮಂಗಳೂರಿನಿಂದ ಕಾಸರಗೋಡಿಗಾದರೆ ಅರ್ಜಿ ದೆಹಲಿಗೇ. ಅದಕ್ಕೆ ಸಮಯವೂ ಹಣವೂ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಬೇಕಾದದ್ದು ವೇಳಾಪಟ್ಟಿಯ ಬದಲಾವಣೆ ಮಾತ್ರ ಎಂದಾದರೆ ಮೊದಲು ವಿಡಿಯೋ ಮೂಲಕ ಹಾಜರಾಗಲು ಅನುಮತಿ ಕೇಳಿ ನೋಡುವುದು ಜಾಣತನ. ವರ್ಗಾವಣೆಯ ಜಗಳದಲ್ಲೇ ಒಂದು ಬೇಸಿಗೆ ರಜೆ ಕಳೆದುಹೋದರೆ ಅದು ಮಗುವಿಗೆ ಮತ್ತೆ ಸಿಗುವುದಿಲ್ಲ.

4. ಅರ್ಜಿಗೆ ಮುಂಚೆ ಕ್ಯಾಲೆಂಡರ್

ವಕೀಲರ ಕಚೇರಿಗೆ ಹೋಗುವ ಮುಂಚೆ ಒಂದು ಸಂಜೆ ಮಗುವಿನ ಶಾಲೆಯ ವಾರ್ಷಿಕ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ‘ನನಗೆ ಹೆಚ್ಚು ಸಮಯ ಬೇಕು’ ಎಂಬ ಅರ್ಜಿಗೂ ‘ಈ ದಿನಗಳಲ್ಲಿ, ಹೀಗೆ’ ಎಂಬ ಅರ್ಜಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ದೂರಿನ ಹಾಗೆ ಕೇಳಿಸುತ್ತದೆ. ಎರಡನೆಯದನ್ನು ಎದುರಿನವರು ತಿದ್ದಿಯಾದರೂ ಒಪ್ಪಬಹುದು, ನ್ಯಾಯಾಧೀಶರು ಹೆಚ್ಚುಕಡಿಮೆ ಅದನ್ನೇ ಆದೇಶದಲ್ಲಿ ಬರೆಯಬಹುದು.

ದೂರ ಹೆಚ್ಚಾದಾಗ ಭೇಟಿಯ ಸಂಖ್ಯೆ ಕಡಿಮೆಯಾಗಬೇಕು, ಒಂದೊಂದರ ಅವಧಿ ಹೆಚ್ಚಾಗಬೇಕು, ನಡುವಿನ ಖಾಲಿಯನ್ನು ಫೋನ್ ತುಂಬಬೇಕು. ತಿಂಗಳಿಗೆ ಎರಡು ಶನಿವಾರದ ಬದಲು ಬೇಸಿಗೆ ರಜೆಯ ಅರ್ಧ, ದಸರಾ ರಜೆಯ ಅರ್ಧ, ಎರಡು ತಿಂಗಳಿಗೊಮ್ಮೆ ಮಗು ಇರುವ ಊರಿನಲ್ಲೇ ಒಂದು ವಾರಾಂತ್ಯ, ದಿನವೂ ಹತ್ತು ನಿಮಿಷ ವಿಡಿಯೋ ಕರೆ. ಹೀಗೆ ಕೂಡಿಸಿದರೆ ಸಿಗುವ ಒಟ್ಟು ಸಮಯ ಮೊದಲಿಗಿಂತ ಕಡಿಮೆಯಾಗಲೇಬೇಕೆಂದಿಲ್ಲ. ಜೊತೆಗೆ ಮಗು ಅತಿಥಿಯಂತೆ ಬಂದು ಹೋಗುವ ಬದಲು ಆ ಮನೆಯಲ್ಲಿ ನಾಲ್ಕು ದಿನ ಬದುಕುತ್ತದೆ: ಬೆಳಿಗ್ಗೆ ಅಪ್ಪನ ಜೊತೆ ಹಲ್ಲುಜ್ಜುತ್ತದೆ, ಜಗಳವಾಡುತ್ತದೆ, ಸರಿಹೋಗುತ್ತದೆ.

ರಜೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ ಎಂಬುದು ನೆನಪಿರಲಿ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ಆಮೇಲೆ ದಸರಾ ರಜೆ. ದೆಹಲಿಯ ಶಾಲೆಗಳು ಮೇ ಮಧ್ಯದಲ್ಲಿ ಮುಚ್ಚಿ ಜೂನ್ ಕೊನೆಯವರೆಗೆ ಬಾಗಿಲು ತೆರೆಯುವುದಿಲ್ಲ. ಮಹಾರಾಷ್ಟ್ರದಲ್ಲಿ ದೊಡ್ಡ ರಜೆ ದೀಪಾವಳಿಗೆ, ಕೇರಳದಲ್ಲಿ ಓಣಂಗೆ. ಆದ್ದರಿಂದ ಆದೇಶದಲ್ಲಿ ‘ಏಪ್ರಿಲ್ 15ರಿಂದ’ ಎಂದು ಬರೆಸುವ ಬದಲು ‘ಮಗು ಓದುತ್ತಿರುವ ಶಾಲೆ ಪ್ರಕಟಿಸುವ ಬೇಸಿಗೆ ರಜೆಯ ಮೂರನೇ ದಿನದಿಂದ’ ಎಂದು ಬರೆಸಿ. ಮಗು ಶಾಲೆ ಬದಲಿಸಿದರೂ ಆ ಸಾಲು ಕೆಲಸ ಮಾಡುತ್ತದೆ. ರಜೆಪಟ್ಟಿ ಬಂದ ವಾರದೊಳಗೆ ಅದರ ಪ್ರತಿಯನ್ನು ಇನ್ನೊಬ್ಬರಿಗೆ ಕಳಿಸಬೇಕು ಎಂಬುದನ್ನೂ ಸೇರಿಸಿ.

ಹಬ್ಬಗಳನ್ನು ವರ್ಷ ಬಿಟ್ಟು ವರ್ಷ ಹಂಚಿಕೊಳ್ಳುವುದು ಸಾಮಾನ್ಯ ರೂಢಿ. ಯುಗಾದಿ, ಗಣೇಶ ಚತುರ್ಥಿಗೆ ಒಂದೆರಡು ದಿನವಷ್ಟೇ ರಜೆ ಇರುವುದರಿಂದ ಅವಕ್ಕಾಗಿ ರಾಜ್ಯ ದಾಟಿಸಬೇಡಿ, ದೀರ್ಘ ರಜೆಯ ಹಬ್ಬಗಳನ್ನು ಮಾತ್ರ ಹಂಚಿಕೊಳ್ಳಿ. ಮಗುವಿನ ಹುಟ್ಟುಹಬ್ಬ ಶಾಲೆಯ ದಿನ ಬಂದರೆ ದೂರದಲ್ಲಿರುವವರೇ ಬರಲಿ.

ಪ್ರಯಾಣ ಯಾರು ಮಾಡಬೇಕು ಎಂಬುದು ವಯಸ್ಸಿನ ಮೇಲೆ ನಿಲ್ಲುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್. ಅಷ್ಟು ಚಿಕ್ಕ ಮಗುವನ್ನು ಒಂದೇ ಸಲ ಮೂರು ವಾರ ಕೇಳಬೇಡಿ. ದೊಡ್ಡವರು ಬಂದು ಮಗುವಿನ ಊರಿನಲ್ಲೇ ಎರಡು ಮೂರು ದಿನ ಉಳಿಯುವ ಏರ್ಪಾಡು ಕೇಳಿ, ಶಾಲೆಗೆ ಸೇರಿದ ಮೇಲೆ ಅವಧಿ ಹಂತಹಂತವಾಗಿ ಹೆಚ್ಚುವಂತೆ ಈಗಲೇ ಬರೆಸಿ. ಹದಿನಾಲ್ಕರ ಹುಡುಗಿಗೆ ಟ್ಯೂಷನ್, ಗೆಳತಿಯರು, ಕ್ರೀಡಾಕೂಟ ಇರುತ್ತವೆ. ಅವಳ ರಜೆಯನ್ನು ಅವಳನ್ನು ಕೇಳದೆ ಅರ್ಧರ್ಧ ಹಂಚುವುದು ನನಗೆ ಸರಿಕಾಣುವುದಿಲ್ಲ.

ಟಿಕೆಟ್ ಯಾರದು, ಜೊತೆಯಲ್ಲಿ ಯಾರು, ಎಲ್ಲಿ ಒಪ್ಪಿಸುವುದು ಎಂಬ ಸಣ್ಣ ವಿಷಯಗಳಲ್ಲೇ ಜಗಳ ಹುಟ್ಟುವುದು. ಹೋಗುವ ಖರ್ಚು ಒಬ್ಬರದು, ಬರುವ ಖರ್ಚು ಇನ್ನೊಬ್ಬರದು ಎಂಬುದು ಒಂದು ಬಗೆ. ಊರು ಬಿಟ್ಟು ಹೋದವರೇ ಹೆಚ್ಚು ಭರಿಸುವುದು ಇನ್ನೊಂದು. ಆದಾಯದಲ್ಲಿ ದೊಡ್ಡ ಅಂತರವಿದ್ದರೆ ಅದಕ್ಕೆ ತಕ್ಕ ಪಾಲು ಕೇಳಬಹುದು. ರೈಲಿನ ಮುಂಗಡ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, 5ರಿಂದ 12 ವರ್ಷದ ಮಗುವಿಗೆ ಪ್ರತ್ಯೇಕ ಬರ್ತ್ ಬೇಕಾದರೆ ಪೂರ್ತಿ ದರ. ಆದ್ದರಿಂದ ‘ಪ್ರಯಾಣದ ದಿನಾಂಕವನ್ನು 70 ದಿನ ಮುಂಚೆ ತಿಳಿಸಬೇಕು’ ಎಂಬ ಷರತ್ತು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ವಿಮಾನದಲ್ಲಿ ಮಗುವನ್ನು ಒಂಟಿಯಾಗಿ ಕಳಿಸುವ ಸೇವೆಯ ವಯಸ್ಸು, ಶುಲ್ಕ, ಕಾಗದಪತ್ರ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ತರ, ಬುಕ್ ಮಾಡುವ ಮುಂಚೆಯೇ ವಿಚಾರಿಸಿ. ಮನೆಬಾಗಿಲಿನಲ್ಲಿ ಮಾತು ಬೆಳೆಯುವ ಭಯವಿದ್ದರೆ ರೈಲು ನಿಲ್ದಾಣವನ್ನೋ ಇಬ್ಬರಿಗೂ ಬೇಕಾದ ಬಂಧುವೊಬ್ಬರ ಮನೆಯನ್ನೋ ಒಪ್ಪಿಸುವ ಜಾಗವಾಗಿ ಬರೆಸಿ. ಮಗುವಿನ ಜೊತೆ ಆಧಾರ್ ಪ್ರತಿ, ಔಷಧಿ ಚೀಟಿ, ವಿಮೆಯ ಕಾರ್ಡ್ ಹೋಗಲಿ.

ಫೋನಿನ ಬಗ್ಗೆ ಹಲವರಿಗೆ ತಿಳಿಯದ ಒಂದು ಮಾತು. 2020ರ ಜನವರಿಯ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್, ತಂದೆ ತಾಯಿ ಬೇರೆ ರಾಜ್ಯ ಅಥವಾ ಬೇರೆ ದೇಶದಲ್ಲಿದ್ದಾಗ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕೂ ಮುಖ್ಯ, ಅದಕ್ಕೆ ವಿಡಿಯೋ ಕರೆಯೇ ಉತ್ತಮ ಎಂದಿತು. ವಿಶೇಷ ಕಾರಣವಿಲ್ಲದಿದ್ದರೆ, ಕಸ್ಟಡಿ ಸಿಗದವರಿಗೆ ದಿನವೂ 5ರಿಂದ 10 ನಿಮಿಷ ಮಗುವಿನೊಂದಿಗೆ ಮಾತಾಡುವ ಹಕ್ಕು ಇರಬೇಕು ಎಂದೂ ಹೇಳಿತು. ನಿಮ್ಮ ಹಳೆಯ ಆದೇಶದಲ್ಲಿ ಫೋನಿನ ಮಾತೇ ಇಲ್ಲದಿದ್ದರೆ ಇದನ್ನು ಮೊದಲು ಕೇಳಿ. ಸಮಯ ನಿಗದಿಯಾಗಿರಲಿ, ಸಂಜೆ 7ರಿಂದ 7.30ರ ನಡುವೆ ಎಂದರೆ ಸಾಕು. ಮಗು ಮಾತಾಡುವಾಗ ಪಕ್ಕದಲ್ಲಿ ನಿಂತು ಉತ್ತರ ಹೇಳಿಕೊಡುವುದಾಗಲಿ ಗುಟ್ಟಾಗಿ ರೆಕಾರ್ಡ್ ಮಾಡುವುದಾಗಲಿ ಬೇಡ. ‘ಅಮ್ಮ ಏನು ಮಾಡ್ತಿದ್ದಾಳೆ, ಮನೆಗೆ ಯಾರು ಬರ್ತಾರೆ’ ಎಂದು ಕೇಳುವುದೂ ಬೇಡ. ಅಂಥ ನಾಲ್ಕು ಕರೆಗಳಾದ ಮೇಲೆ ಮಗು ತಾನಾಗಿಯೇ ಫೋನ್ ಎತ್ತುವುದನ್ನು ಬಿಡುತ್ತದೆ.

5. ಒಪ್ಪಿಗೆ ಸಾಧ್ಯವೇ ನೋಡಿ

ಈ ಪಟ್ಟಿಯನ್ನು ಎದುರಿನವರಿಗೆ ಇ-ಮೇಲ್ ಅಥವಾ ಪತ್ರದಲ್ಲಿ ಕಳಿಸಿ. ಹಳೆಯದನ್ನು ಕೆದಕಬೇಡಿ, ವೇಳಾಪಟ್ಟಿ ಮತ್ತು ಕಾರಣ ಎರಡೇ ಇರಲಿ. ನೇರ ಮಾತು ಸಾಧ್ಯವಾಗದಿದ್ದರೆ ಮಧ್ಯಸ್ಥಿಕೆ ಕೇಂದ್ರವಿದೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ, ಜಿಲ್ಲೆಗಳಲ್ಲೂ ಇವೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಮೊದಲು ರಾಜಿಗೆ ಯತ್ನಿಸಬೇಕು ಎನ್ನುವುದರಿಂದ ನೀವು ಕೇಳದಿದ್ದರೂ ಕೋರ್ಟ್ ನಿಮ್ಮನ್ನು ಅಲ್ಲಿಗೆ ಕಳಿಸುವ ಸಾಧ್ಯತೆ ಹೆಚ್ಚು.

ಒಪ್ಪಿಗೆಯಾದರೆ ಅಲ್ಲಿಗೇ ನಿಲ್ಲಬೇಡಿ. ವಾಟ್ಸ್ಆ್ಯಪ್‌ನಲ್ಲಿ ‘ಸರಿ, ಹಾಗೇ ಮಾಡೋಣ’ ಎಂದದ್ದು ಇಬ್ಬರಿಗೂ ಮನಸ್ಸಿರುವವರೆಗೆ ಮಾತ್ರ. ನೂರು ರೂಪಾಯಿಯ ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೂ ಕೋರ್ಟಿನ ಹಳೆಯ ಆದೇಶ ತಾನಾಗಿ ಬದಲಾಗುವುದಿಲ್ಲ. ಇಬ್ಬರೂ ಸಹಿ ಹಾಕಿದ ಜಂಟಿ ಮೆಮೊ ಅಥವಾ ಅರ್ಜಿ ಹಾಕಿ, ಅದರ ಮೇಲೆ ಆದೇಶ ಮಾಡಿಸಿಕೊಳ್ಳಿ.

6. ಅರ್ಜಿಯಲ್ಲಿ ಏನಿರಬೇಕು

ಹಳೆಯ ಆದೇಶದ ವಿವರ, ಅದಾದ ಮೇಲೆ ಬದಲಾದದ್ದು ಏನು, ಇದರಿಂದ ಮಗುವಿಗೆ ಆಗುತ್ತಿರುವ ತೊಂದರೆ, ನೀವು ಕೇಳುವ ಹೊಸ ವೇಳಾಪಟ್ಟಿ, ಇವಿಷ್ಟು ಇದ್ದರೆ ಸಾಕು. ಜೊತೆಗೆ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆ, ಬೇಕು. ಮದುವೆಯ ಕಾಲದ ಕಹಿಯನ್ನು ಹತ್ತು ಪುಟ ಬರೆಯಬೇಡಿ. ಕೋರ್ಟ್ ತೂಗುವುದು ಮಗುವಿನ ಹಿತವನ್ನು. 1956ರ ಕಾಯ್ದೆಯ 13ನೇ ಸೆಕ್ಷನ್ ಅದನ್ನೇ ಪರಮ ಮುಖ್ಯ ಎನ್ನುತ್ತದೆ.

ವರ್ಗಾವಣೆ ಆದೇಶ, ಹೊಸ ಊರಿನ ಬಾಡಿಗೆ ಕರಾರು, ಮಗು ಉಳಿಯುವ ಕೋಣೆಯ ಫೋಟೋ, ಶಾಲೆಯ ಕ್ಯಾಲೆಂಡರ್, ಹಿಂದಿನ ಪ್ರಯಾಣಗಳ ಟಿಕೆಟ್, ತಪ್ಪಿದ ಭೇಟಿಗಳ ಬಗೆಗಿನ ಮೆಸೇಜುಗಳನ್ನು ಲಗತ್ತಿಸಿ. ನೀವು ಕಚೇರಿಗೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಬರುತ್ತದೆ, ಉತ್ತರವನ್ನು ಅರ್ಜಿಯಲ್ಲೇ ಬರೆಯಿರಿ. ಕೌಟುಂಬಿಕ ನ್ಯಾಯಾಲಯ ಸಾಕ್ಷ್ಯದ ವಿಷಯದಲ್ಲಿ ಬೇರೆ ಕೋರ್ಟುಗಳಷ್ಟು ಬಿಗಿಯಲ್ಲ. ಆದರೂ ಮೊಬೈಲ್ ಮೆಸೇಜುಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಸೇರಿಸಿದರೆ ತಕರಾರು ಕಡಿಮೆ.

ಮುಖ್ಯ ಅರ್ಜಿ ತೀರ್ಮಾನವಾಗಲು ತಡವಾಗಬಹುದು. ಹಾಗಾಗಿ ಬರುವ ರಜೆಯ ಮಟ್ಟಿಗೆ ಮಧ್ಯಂತರ ಆದೇಶವನ್ನೂ ಪ್ರತ್ಯೇಕವಾಗಿ ಕೇಳಿ. ಬೇಸಿಗೆಯಲ್ಲಿ ಕೋರ್ಟುಗಳಿಗೂ ರಜೆ ಇರುತ್ತದೆ, ನೋಟಿಸ್ ಇನ್ನೊಂದು ರಾಜ್ಯಕ್ಕೆ ತಲುಪಿ, ಆಕ್ಷೇಪಣೆ ಬಂದು, ವಾದ ಮುಗಿಯಲು ವಾರಗಳು ಬೇಕು. ಏಪ್ರಿಲ್ ರಜೆಗೆ ಜನವರಿಯಲ್ಲೇ ಅರ್ಜಿ ಹಾಕಬೇಕು.

7. ವಿಚಾರಣೆಯ ದಿನಗಳು

ಕರ್ನಾಟಕದಲ್ಲಿ ವಿಡಿಯೋ ಮೂಲಕ ಹಾಜರಾಗಲು ಹೈಕೋರ್ಟಿನ ನಿಯಮಗಳಿವೆ. ಪ್ರತಿ ದಿನಾಂಕಕ್ಕೂ ಬರಲಾಗದು ಎಂಬ ಕಾರಣ ತೋರಿಸಿ ಮುಂಚಿತವಾಗಿ ಅರ್ಜಿ ಕೊಡಿ. ರಾಜಿ ಮಾತುಕತೆಯ ದಿನ ಮಾತ್ರ ಖುದ್ದಾಗಿ ಬರುವುದು ಒಳ್ಳೆಯದು. ಎದುರೆದುರು ಕುಳಿತಾಗ ಆಗುವ ಕೆಲಸ ಪರದೆಯ ಮೇಲೆ ಆಗುವುದಿಲ್ಲ.

ತನಗೇನು ಬೇಕೆಂದು ತಿಳಿದು ಹೇಳಬಲ್ಲ ವಯಸ್ಸಿನ ಮಗುವಾದರೆ ನ್ಯಾಯಾಧೀಶರು ಚೇಂಬರಿನಲ್ಲಿ ಅದರೊಂದಿಗೆ ಮಾತಾಡಬಹುದು. ಆ ದಿನಕ್ಕೆ ಮಗುವಿಗೆ ಪಾಠ ಹೇಳಿಕೊಡಬೇಡಿ. ಹೇಳಿಕೊಟ್ಟ ಮಾತನ್ನು ಅವರು ಬೇಗ ಗುರುತಿಸುತ್ತಾರೆ, ಅದಕ್ಕಿಂತ ಮುಖ್ಯವಾಗಿ ಆ ಭಾರ ಮಗುವಿನ ಮೇಲೆ ಬೀಳಬಾರದು. ‘ಅವರು ಕೇಳಿದ್ದಕ್ಕೆ ನಿನಗೆ ಅನಿಸಿದ್ದನ್ನು ಹೇಳು, ನಮ್ಮಿಬ್ಬರಿಗೂ ಬೇಜಾರಿಲ್ಲ’ ಎಂದರೆ ಸಾಕು.

8. ಆದೇಶ ಬಂದ ಮೇಲೆ

ದೃಢೀಕೃತ ಪ್ರತಿ ತೆಗೆದುಕೊಂಡು ಶಾಲೆಗೂ ಒಂದು ಪ್ರತಿ ಕೊಡಿ, ಯಾರು ಯಾವಾಗ ಮಗುವನ್ನು ಕರೆದೊಯ್ಯಬಹುದು ಎಂಬುದು ಅವರಿಗೂ ತಿಳಿದಿರಲಿ. ಇನ್ನೊಂದು ರಾಜ್ಯದಲ್ಲಿರುವವರು ಪಾಲಿಸದಿದ್ದರೆ ಹೊಸದಾಗಿ ಕೇಸ್ ಹೂಡಬೇಕಿಲ್ಲ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಆದೇಶವನ್ನು ಕೊಟ್ಟ ಕೋರ್ಟೇ ಜಾರಿ ಮಾಡಬಹುದು, ಅಥವಾ ಅವರಿರುವ ಊರಿನ ಕೌಟುಂಬಿಕ ಇಲ್ಲವೇ ಸಿವಿಲ್ ಕೋರ್ಟಿಗೆ ಜಾರಿಗಾಗಿ ಕಳಿಸಬಹುದು. ಬೇಕೆಂದೇ ಮತ್ತೆ ಮತ್ತೆ ಮುರಿದರೆ ನ್ಯಾಯಾಂಗ ನಿಂದನೆಯ ದಾರಿಯೂ ಇದೆ. ಆದರೆ ಒಂದು ತಪ್ಪಿದ ಶನಿವಾರಕ್ಕೆ ಅದನ್ನು ಹಿಡಿಯಬೇಡಿ. ಮೊದಲು ತಪ್ಪಿದ ದಿನಗಳಿಗೆ ಬದಲಿ ದಿನ ಕೊಡಿಸುವಂತೆ ಕೇಳಿ.

ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಇಬ್ಬರೂ ಒಪ್ಪಿ ಆದ ಆದೇಶದ ಮೇಲೆ ಮೇಲ್ಮನವಿ ಇಲ್ಲ, ಹಾಗಾಗಿ ಜಂಟಿ ಮೆಮೊಗೆ ಸಹಿ ಹಾಕುವ ಮುಂಚೆ ಎರಡು ಸಲ ಓದಿ.

ವಕೀಲರ ಶುಲ್ಕ ಭರಿಸಲಾಗದವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯಡಿ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಪರಿಶಿಷ್ಟ ಜಾತಿ, ಪಂಗಡ ಮೊದಲಾದ ಕೆಲವು ವರ್ಗದವರನ್ನು ಬಿಟ್ಟು ಉಳಿದ ಪುರುಷರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಸಹಾಯವಾಣಿ ಸಂಖ್ಯೆ 15100. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಆದೇಶದ ಪ್ರತಿ ಮತ್ತು ಶಾಲೆಯ ಕ್ಯಾಲೆಂಡರ್ ಎರಡನ್ನೂ ಹಿಡಿದುಕೊಂಡು ಹೋಗಿ.